ಇದರಲ್ಲಿ ಮೊದಲು ಏನಿತ್ತು?

ನಮ್ಮಮ್ಮನಿಗೆ ಒಂದು ಅಭ್ಯಾಸ ಇದೆ. ಮನೆಗೆ ಯಾವ ಡಬ್ಬ ಬಂದರೂ ಮುಚ್ಚಳ ತೆಗೆದು ಮೂಸುತ್ತಾಳೆ. ಆಮೇಲೆ ಕೇಳುತ್ತಾಳೆ, "ಇದರಲ್ಲಿ ಮೊದಲು ಏನಿತ್ತು?" ಉಪ್ಪಿನಕಾಯಿ ಇದ್ದದ್ದಾದರೆ ಅದಕ್ಕೆ ಸಕ್ಕರೆ ಹಾಕುವ ಹಾಗಿಲ್ಲ. ಸೋಪಿನ ಪುಡಿ ಇದ್ದದ್ದಾದರೆ ಅಡುಗೆಮನೆಯೊಳಗೇ ಬರುವ ಹಾಗಿಲ್ಲ. ಪೇಂಟ್ ಬಕೆಟ್ಟು ಎಷ್ಟು ಉಜ್ಜಿದರೂ ಪೇಂಟ್ ಬಕೆಟ್ಟೇ, ಅದರ ಜಾಗ ಹೊಸ್ತಿಲಾಚೆ. ನಾವೆಲ್ಲ ಇದಕ್ಕೆ ನಗುತ್ತಿದ್ದೆವು. ಮಗಳಂತೂ ಅಜ್ಜಿಯ ಹಾಗೇ ಮೂಗರಳಿಸಿ ಅಣಕಿಸುತ್ತಿದ್ದಳು.

ಬಾಲ್ಕನಿಯಲ್ಲಿ ಸ್ಟ್ರಾಬೆರಿ ಬೆಳೆಯಲು ಹೊರಟು ಎರಡು ವರ್ಷ ಆಯಿತು. ಈಗ ನಾನೂ ಮೂಸುತ್ತೇನೆ.

ಮೊದಲು ಜಾಗದ ವಿಷಯ. ನಮ್ಮದು ಹನುಮಂತನಗರದ ಹತ್ತಿರ ಒಂದು ಇಪ್ಪತ್ತು-ಮೂವತ್ತರ ಸೈಟು. ಕೆಳಗೆ ಬಾಡಿಗೆಯವರು, ಅದರ ಮೇಲೂ ಬಾಡಿಗೆಯವರು, ಎರಡನೇ ಮಹಡಿಯಲ್ಲಿ ನಾವು. ಟೆರೇಸಿನಲ್ಲಿ ನೀರಿನ ಟ್ಯಾಂಕು, ಸೋಲಾರು, ಮೂರೂ ಮನೆಯವರ ಬಟ್ಟೆ. ಮಣ್ಣು ಅನ್ನುವುದು ಗೇಟಿನ ಮುಂದೆ ಚಪ್ಪಡಿ ಕಲ್ಲಿನ ಸಂದಿಯಲ್ಲಿ ಇದ್ದರೆ ಉಂಟು. ನಮಗೆ ಅಂತ ಇರುವುದು ಮೂರಡಿ ಅಗಲ, ಹನ್ನೆರಡಡಿ ಉದ್ದದ ಬಾಲ್ಕನಿ. ಅದಕ್ಕೆ ನೆಲದಿಂದ ಸೂರಿನವರೆಗೆ ಕಬ್ಬಿಣದ ಗ್ರಿಲ್ಲು. ನಿಂತು ಕಾಫಿ ಕುಡಿಯಬಹುದು, ಅಷ್ಟೇ. ಅಲ್ಲಿ ನೆಲದ ಮೇಲೆ ಹತ್ತು ಕುಂಡ ಇಟ್ಟರೆ ಮನುಷ್ಯರು ಕಾಲಿಡೋ ಹಾಗಿಲ್ಲ. ಆದರೆ ಗೋಡೆ ಮತ್ತು ಗ್ರಿಲ್ಲು ಸೇರಿಸಿ ಲೆಕ್ಕ ಹಾಕಿದರೆ ನೂರ ಐವತ್ತು ಚದರಡಿ ಖಾಲಿ ಬಿದ್ದಿತ್ತು.

ಮನೆಯ ಮುಖ ದಕ್ಷಿಣಕ್ಕೆ. ದಕ್ಷಿಣದ ಸೈಟು ಯಾರಿಗೂ ಬೇಡ ಅಂತ ನಮ್ಮ ಮಾವನವರಿಗೆ ಒಂದಿಷ್ಟು ಕಡಿಮೆಗೆ ಸಿಕ್ಕಿತ್ತಂತೆ. ವಾಸ್ತು ಗೊತ್ತಿರುವ ನೆಂಟರು ಬಂದಾಗ ಈಗಲೂ ಬಾಗಿಲ ಹತ್ತಿರ ಒಂದು ನಿಮಿಷ ನಿಂತು, ಏನೂ ಹೇಳದೆ ಒಳಗೆ ಬರುತ್ತಾರೆ. ಗಿಡಕ್ಕೆ ಮಾತ್ರ ಈ ದಿಕ್ಕು ಬಂಗಾರ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರಕ್ಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ, ಬಿಸಿಲು ಬಾಲ್ಕನಿಯೊಳಗೆ ಓರೆಯಾಗಿ ಬಂದು ಗೋಡೆಯವರೆಗೆ ತಾಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ, ಅದೇ ಶೂನ್ಯ ನೆರಳಿನ ದಿನ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ಉತ್ತರದ ಕಡೆ. ಆಗ ನಮ್ಮ ಬಾಲ್ಕನಿಗೆ ನೆರಳು. ಸ್ಟ್ರಾಬೆರಿಗೆ ಬೇಕಾಗಿರುವುದೂ ಅದೇ: ಚಳಿಯಲ್ಲಿ ಬಿಸಿಲು, ಬೇಸಿಗೆಯಲ್ಲಿ ನೆರಳು. ಇದನ್ನೆಲ್ಲ ತಿಳಿದು ಶುರು ಮಾಡಿದೆ ಅಂದುಕೊಳ್ಳಬೇಡಿ. ಗಿಡ ಬದುಕಿದ ಮೇಲೆ ಯಾಕೆ ಬದುಕಿತು ಅಂತ ಹುಡುಕಿದ್ದು.

ಸ್ಟ್ರಾಬೆರಿಯೇ ಯಾಕೆ ಅಂದರೆ, ಬೇರು ಆಳಕ್ಕೆ ಇಳಿಯುವುದಿಲ್ಲ. ಒಂದು ಗೇಣು ಮಣ್ಣು ಸಾಕು. ಹಣ್ಣು ನೇತಾಡಿಕೊಂಡು ಇರುವುದರಿಂದ ಮಣ್ಣಿಗೆ ತಾಗಿ ಕೊಳೆಯುವುದೂ ಇಲ್ಲ. ಇನ್ನೊಂದು ಕಾರಣ ಸುಮ್ನೆ ಆಸೆ. ಮಹಾಬಲೇಶ್ವರದಿಂದ ಬರುವ ಆ ಪ್ಲಾಸ್ಟಿಕ್ ಬಾಕ್ಸು ನೋಡಿದ್ದೀರಲ್ಲ? ಮೇಲಿನ ಸಾಲು ಕೆಂಪಗೆ ಮಿರಮಿರ, ಕೆಳಗಿನ ಸಾಲು ಅರ್ಧ ಬಿಳಿ. ಪ್ರತಿ ಸಲ ಮೋಸ ಹೋಗಿ, ಪ್ರತಿ ಸಲ ತರುತ್ತಿದ್ದೆ.

2023ರ ನವೆಂಬರಿನಲ್ಲಿ, ಕಡಲೆಕಾಯಿ ಪರಿಷೆಗೆ ಇನ್ನೂ ಎರಡು ವಾರ ಇದ್ದಾಗ, ಲಾಲ್‌ಬಾಗಿನ ಹತ್ತಿರದ ನರ್ಸರಿಯಿಂದ ಹದಿನಾಲ್ಕು ಸಸಿ ತಂದೆ. ತಲಾ ನಲವತ್ತು ರೂಪಾಯಿ. ಆರು ಸಸಿ ನೀರಿನ ಬಾಟಲಿಗೆ, ಎಂಟು ಸಸಿ ಪೈಪಿಗೆ.

ಬಾಟಲಿಯ ಕಥೆ ಬೇಗ ಮುಗಿಯುತ್ತದೆ. ಒಂದು ಲೀಟರಿನ ಬಾಟಲಿಗಳ ಬುಡ ಕತ್ತರಿಸಿ, ತಲೆಕೆಳಗೆ ಮಾಡಿ, ಒಂದರ ಕೆಳಗೊಂದು ಹಗ್ಗಕ್ಕೆ ಕಟ್ಟಿದ್ದೆ. ಮೇಲಿನದಕ್ಕೆ ನೀರು ಹಾಕಿದರೆ ಮುಚ್ಚಳದ ತೂತಿನಿಂದ ಕೆಳಗಿನದಕ್ಕೆ ತೊಟ್ಟಿಕ್ಕುತ್ತದೆ. ವಿಡಿಯೋದಲ್ಲಿ ನೋಡಲು ಬಹಳ ಚೆಂದ. ನಮ್ಮಲ್ಲಿ ಮೇಲಿನ ಗಿಡ ಒಣಗಿತು, ಕೆಳಗಿನ ಗಿಡ ಕೊಳೆಯಿತು, ನಡುವಿನವು ಎರಡನ್ನೂ ನೋಡಿಕೊಂಡು ಏನು ಮಾಡುವುದು ಅಂತ ಗೊತ್ತಾಗದೆ ಹಾಗೇ ನಿಂತಿದ್ದವು. ಪಾರದರ್ಶಕ ಬಾಟಲಿ ಅಲ್ವಾ, ಒಳಗೆ ಬೆಳಕು ಬಿದ್ದು ಹಸಿರು ಪಾಚಿ ಕಟ್ಟಿತು. ಮಧ್ಯಾಹ್ನ ಎರಡು ಗಂಟೆಗೆ ಮುಟ್ಟಿದರೆ ಮಣ್ಣು ಬಿಸಿ ಹಾಲಿನ ಲೋಟದ ಹಾಗಿತ್ತು. ಒಂದು ಲೀಟರು ಮಣ್ಣಿಗೆ ಬಿಸಿಲು ತಡೆಯುವ ತಾಕತ್ತು ಇಲ್ಲ. ಜನವರಿಗೆ ಬಾಟಲಿ ಬಿಚ್ಚಿದೆ.

ಪೈಪಿನ ಕಥೆ ಬೇರೆ. ಆ ವರ್ಷ ದಸರಾ ರಜೆಯಲ್ಲಿ ಬಚ್ಚಲುಮನೆ ರಿಪೇರಿ ಮಾಡಿಸಿದ್ದೆವು. 1996ರಲ್ಲಿ ಮನೆ ಕಟ್ಟಿದಾಗ ಹಾಕಿದ್ದ ನಾಲ್ಕಿಂಚಿನ ಪಿವಿಸಿ ಪೈಪು, ಆರಡಿ ಉದ್ದದ್ದು, ಪ್ಲಂಬರ್ ಕಿತ್ತು ಮೆಟ್ಟಿಲ ಕೆಳಗೆ ಬಿಸಾಕಿದ್ದರು. ಬ್ಲೀಚಿಂಗ್ ಪುಡಿ ಹಾಕಿ ಎರಡು ದಿನ ತೊಳೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದರಲ್ಲಿ ಮೊದಲು ಏನು ಹರೀತಿತ್ತೇ?"

"ಸ್ನಾನದ ನೀರಮ್ಮ. ಟಾಯ್ಲೆಟ್ಟಿಂದಲ್ಲ."

"ಬಚ್ಚಲು ಬಚ್ಚಲೇ" ಅಂದು ಒಳಗೆ ಹೋದಳು.

ಗರಗಸದಲ್ಲಿ ಅಡ್ಡಡ್ಡ ಸೀಳಿ, ಆ ಸೀಳಿನ ಸುತ್ತ ಬಿಸಿಗಾಳಿ ಹೊಡೆದು, ಮೆತ್ತಗಾದಾಗ ಗಾಜಿನ ಬಾಟಲಿಯ ಕತ್ತು ಒತ್ತಿದರೆ ತುಟಿ ಚಾಚಿದ ಹಾಗೆ ಒಂದು ಜೇಬು ಆಗುತ್ತದೆ. ಬಿಸಿಗಾಳಿಯ ಮೆಷಿನ್ನು ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಕೊಟ್ಟಿದ್ದು. (ಟೆರೇಸಿನ ಮೇಲೆ, ಗಾಳಿ ಇರುವ ಕಡೆ ಮಾಡಿ. ಪಿವಿಸಿ ಸುಟ್ಟರೆ ಬರುವ ಹೊಗೆ ಬಹಳ ಕೆಟ್ಟದ್ದು. ಕರಗಬಾರದು, ಬಾಗಬೇಕು ಅಷ್ಟೇ.) ನಾನು ಮೊದಲು ಹದಿನಾರು ಜೇಬು ಮಾಡೋಣ ಅಂತಿದ್ದೆ. ಆಮೇಲೆ ಮಗಳ ಗಣಿತದ ಪುಸ್ತಕ ತೆಗೆದು ಸಿಲಿಂಡರಿನ ಲೆಕ್ಕ ಹಾಕಿದರೆ, ಆರಡಿ ಪೈಪಿನಲ್ಲಿ ಹಿಡಿಯುವುದು ಬರೀ ಹದಿನೈದು ಲೀಟರು! ಹದಿನಾರು ಗಿಡ ಅಂದರೆ ಒಂದಕ್ಕೆ ಒಂದು ಲೀಟರೂ ಇಲ್ಲ, ಮತ್ತೆ ಅದೇ ಬಾಟಲಿ ಕಥೆ. ಎಂಟಕ್ಕೆ ನಿಲ್ಲಿಸಿದೆ.

ನೀರು ಮೇಲಿಂದ ಕೆಳಗಿನವರೆಗೆ ಸಮನಾಗಿ ಹೋಗುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವು. ಸಾಮಾನ್ಯವಾಗಿ ನಡುವೆ ತೂತು ಕೊರೆದ ಅರ್ಧ ಇಂಚಿನ ಪೈಪು ಇಳಿಸುತ್ತಾರೆ. ನನ್ನ ಹತ್ತಿರ ಇರಲಿಲ್ಲ. ಹೀಗಾಯ್ತಲ್ಲ ಅಂತ ಗೊಣಗುತ್ತಿದ್ದಾಗ ಅಮ್ಮ ಒಳಗಿನಿಂದ ತನ್ನ ಹಳೇ ಕಾಟನ್ ಸೀರೆ ತಂದಳು. ಉದ್ದಕ್ಕೆ ನಾಲ್ಕು ಪಟ್ಟಿ ಹರಿದು, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತೊಡೆಯ ಮೇಲೆ ಹೊಸೆದಳು. ಕಾರ್ತಿಕ ಮಾಸ ಅದು, ದಿನಾ ಬತ್ತಿ ಹೊಸೆಯುವ ಕೈ. ಹೆಬ್ಬೆರಳು ದಪ್ಪದ, ಆರಡಿ ಉದ್ದದ ಬತ್ತಿ. ಅದನ್ನು ಪೈಪಿನ ನಡುವೆ ಇಳಿಬಿಟ್ಟು ಸುತ್ತ ಮಣ್ಣು ತುಂಬಿದೆವು. ಮೇಲೆ ಒಂದು ಚೊಂಬು ನೀರು ಹಾಕಿದರೆ ಬತ್ತಿ ಹಿಡಿದುಕೊಂಡೇ ಇಳಿಯುತ್ತಿತ್ತು, ಅಕ್ಕಪಕ್ಕದ ಮಣ್ಣಿಗೂ ಹಂಚುತ್ತಿತ್ತು. ಬಚ್ಚಲ ಪೈಪು ಅಂದವಳು ಬತ್ತಿ ಯಾಕೆ ಹೊಸೆದುಕೊಟ್ಟೆ ಅಂತ ಕೇಳಿದೆ. "ಗಿಡ ಏನು ಮಾಡಿತ್ತು ಪಾಪ" ಅಂದಳು.

ಮಣ್ಣು ಅಂದೆನಲ್ಲ, ಅರ್ಧಕ್ಕಿಂತ ಜಾಸ್ತಿ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ. ಬರೀ ಕೆಮ್ಮಣ್ಣು ತುಂಬಿದರೆ ಗಟ್ಟಿಯಾಗುತ್ತದೆ, ಭಾರವೂ ಜಾಸ್ತಿ. ಉಳಿದದ್ದು ಎರೆಗೊಬ್ಬರ, ಕೆಮ್ಮಣ್ಣು, ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನೂ ಮೂಸಬೇಕು ಅಂತ ಆಗ ಗೊತ್ತಿರಲಿಲ್ಲ. ಅದೂ ಒಂದು ಹಳೇ ಸಾಮಾನೇ ತಾನೆ? ತೆಂಗಿನ ಸಿಪ್ಪೆಯನ್ನು ಎಷ್ಟೋ ಕಡೆ ಉಪ್ಪು ನೀರಿನಲ್ಲಿ ನೆನೆಹಾಕಿರುತ್ತಾರೆ, ಆ ಉಪ್ಪು ಪುಡಿಯಲ್ಲೂ ಇರುತ್ತದೆ. ಎರಡು ಮೂರು ಸಲ ಒಳ್ಳೇ ನೀರಲ್ಲಿ ನೆನೆಸಿ ಹಿಂಡಿದರೆ ಹೋಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹದ ಮಾಡಿದ ಕೋಕೋಪೀಟನ್ನೇ 'ಅರ್ಕಾ' ಹೆಸರಿನಲ್ಲಿ ತಂದಿದ್ದಾರೆ. ನಾನು ತಂದದ್ದು ಇಟ್ಟಿಗೆಯ ಹಾಗೆ ಒತ್ತಿ ಅಂಗಡಿಯಲ್ಲಿ ಮಾರುವ ಕೋಕೋಪೀಟು, ತೊಳೆಯದೇ ಹಾಕಿದ್ದು.

ಇನ್ನೊಂದು ವಿಷಯ. ನೆಡುವಾಗ ಗಿಡದ ನಡುಮುಡಿ, ಅಂದರೆ ಎಲೆಗಳೆಲ್ಲ ಹುಟ್ಟುವ ಆ ಗಂಟು, ಮಣ್ಣಿಗೆ ಸರಿಯಾಗಿ ಮೇಲೆ ಕೂರಬೇಕು. ಹೂತರೆ ಕೊಳೆಯುತ್ತದೆ, ಎತ್ತಿದರೆ ಒಣಗುತ್ತದೆ. ಓರೆ ಜೇಬಿನಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ನೀರು ಹಾಕಿದಾಗಲೆಲ್ಲ ಮಣ್ಣು ಜಾರಿ ಗಂಟಿನ ಮೇಲೆ ಬೀಳುತ್ತದೆ. ವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಗಂಟು ಬಿಡಿಸುವುದು ನನ್ನ ಭಾನುವಾರದ ಪೂಜೆ.

ಸಂಕ್ರಾಂತಿಗೆ ಹೂ ಬಂತು. ಐದು ಬಿಳಿ ಎಸಳು, ನಡುವೆ ಹಳದಿ ಗುಬುಟು. ಮೊದಲ ಎರಡು ಕಾಯಿ ಮಾತ್ರ ಏನೋ ಸೊಟ್ಟಸೊಟ್ಟ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಚಪ್ಪಟೆ, ಹಲ್ಲಿಲ್ಲದ ಮುದುಕನ ಬಾಯಿಯ ಹಾಗೆ. ಹತ್ತಿರದಿಂದ ನೋಡಿದೆ. ಸ್ಟ್ರಾಬೆರಿಯ ಮೈಮೇಲೆ ಎಳ್ಳಿನ ಹಾಗೆ ಅಂಟಿಕೊಂಡಿರುತ್ತದಲ್ಲ, ಅದೇ ನಿಜವಾದ ಹಣ್ಣುಗಳಂತೆ, ಒಂದೊಂದರೊಳಗೂ ಒಂದೊಂದು ಬೀಜ. ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಊದಿಕೊಂಡದ್ದು. ಯಾವ ಬೀಜಕ್ಕೆ ಪರಾಗ ಮುಟ್ಟಿತೋ ಅದರ ಸುತ್ತ ಮಾತ್ರ ಊದುತ್ತದೆ. ಮುಟ್ಟದ ಕಡೆ ಬೀಜ ಒತ್ತೊತ್ತಾಗಿ, ಸಣ್ಣಗೆ, ಮುದುಡಿ ಕೂತಿರುತ್ತವೆ. ಅಂದರೆ ಹಣ್ಣಿನ ಸೊಟ್ಟ ನೋಡಿಯೇ ಜೇನು ಯಾವ ಕಡೆ ಕೂರಲಿಲ್ಲ ಅಂತ ಹೇಳಬಹುದು! ಎರಡನೇ ಮಹಡಿಯ ಗ್ರಿಲ್ಲಿನೊಳಗೆ ಜೇನು ಬರುವುದು ಅಪರೂಪ. ಮಗಳ ವಾಟರ್ ಕಲರ್ ಬ್ರಷ್ಷು ತಗೊಂಡು ಬೆಳಗ್ಗೆ ಹತ್ತರ ಹೊತ್ತಿಗೆ ಹೂವಿನ ಸುತ್ತ ಒಂದು ಸುತ್ತು ಸವರಿದೆ. ಮುಂದಿನ ಕಾಯಿಗಳು ಮುಖ ನೆಟ್ಟಗೆ ಮಾಡಿಕೊಂಡವು.

ಈ ಹಣ್ಣಿನ ಹುಟ್ಟಿನ ಕಥೆಯೂ ಪರಾಗದ್ದೇ. 1714ರಲ್ಲಿ ಫ್ರೇಜಿಯೆ ಅನ್ನುವ ಫ್ರೆಂಚ್ ಎಂಜಿನಿಯರ್ ಚಿಲಿ ದೇಶದಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡ ಫ್ರಾನ್ಸಿಗೆ ಒಯ್ದ. ಆತ ಅಲ್ಲಿಗೆ ಹೋಗಿದ್ದು ಕೋಟೆಗಳ ಗುಟ್ಟು ನೋಡಿಕೊಂಡು ಬರಲು. ಒಯ್ದ ಗಿಡಗಳು ಹೂ ಬಿಟ್ಟವು, ಹಣ್ಣು ಬಿಡಲಿಲ್ಲ. ಎಲ್ಲ ಹೆಣ್ಣು ಗಿಡಗಳೇ! ಪಕ್ಕದಲ್ಲಿ ಉತ್ತರ ಅಮೆರಿಕದ ವರ್ಜೀನಿಯಾ ಜಾತಿಯ ಸಣ್ಣ ಹಣ್ಣಿನ ಗಿಡ ನೆಟ್ಟ ಮೇಲೆ ಕಾಯಿ ಕಚ್ಚಿತು. ಆ ಬೆರಕೆಯ ಸಂತಾನವೇ ಈಗ ಜಗತ್ತೆಲ್ಲ ತಿನ್ನುವ ಸ್ಟ್ರಾಬೆರಿ. ಎರಡು ಅಮೆರಿಕಗಳ ಗಿಡ, ಸಂಬಂಧ ಕೂಡಿದ್ದು ಯುರೋಪಿನಲ್ಲಿ, ಸಂಸಾರ ಹನುಮಂತನಗರದ ಬಚ್ಚಲ ಪೈಪಿನಲ್ಲಿ.

ರಥಸಪ್ತಮಿಯ ದಿನ ಮೊದಲ ಹಣ್ಣು ಪೂರ್ತಿ ಕೆಂಪಾಯಿತು. ಸೂರ್ಯನ ಹಬ್ಬ, ಬಿಸಿಲಿನ ಬಾಲ್ಕನಿ, ನಾನು ಬಹಳ ಖುಷಿಯಲ್ಲಿ ತಟ್ಟೆಯಲ್ಲಿಟ್ಟು ಅಮ್ಮನ ಹತ್ತಿರ ಒಯ್ದೆ, ದೇವರ ಮುಂದೆ ಇಡು ಅಂತ. ಅಮ್ಮ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

"ಮಗೂಗೆ ಕೊಡು. ದೇವರಿಗೆ ಬೇಡ."

"ಯಾಕಮ್ಮ?"

"ಹೇಳಿದ್ನಲ್ಲೇ, ಬಚ್ಚಲು."

ನನಗೆ ಸಿಟ್ಟು ಬಂತು. ಮೂರು ತಿಂಗಳ ಹಣ್ಣು! ಎಂಥ ಮಡಿ ಇದು ಅಂತ ಎರಡು ಮಾತು ಆಡಿಯೂಬಿಟ್ಟೆ. ಅವಳು ವಾದ ಮಾಡಲಿಲ್ಲ. ಬಾಳೆಹಣ್ಣು ಇಟ್ಟು ಮಂಗಳಾರತಿ ಮಾಡಿದಳು.

ಅದೇ ಮಾರ್ಚಿಗೆ ನೀರಿನ ಗಲಾಟೆ ಶುರುವಾಯಿತು. 2024ರ ಬೇಸಿಗೆ ಬೆಂಗಳೂರಿನವರು ಯಾರೂ ಮರೆತಿರಲಿಕ್ಕಿಲ್ಲ. ಬೋರ್‌ವೆಲ್ಲುಗಳು ಒಣಗಿ, ಟ್ಯಾಂಕರಿನ ರೇಟು ಏರಿ, ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನ್ಯಾಯವೇ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಗುಡ್ಡದಷ್ಟು ಎತ್ತರಕ್ಕೆ ಪಂಪಾಗಿ ಬರುವುದು. ಅದನ್ನು ತಂದು ಪೈಪಿನ ತಲೆಗೆ ಸುರಿಯುವುದಕ್ಕೆ ನನಗೂ ಮನಸ್ಸಾಗಲಿಲ್ಲ. ಬುದ್ಧಿವಂತಿಕೆ ಮಾಡಿದೆ. ಆರ್‌ಓ ಫಿಲ್ಟರ್ ಬಿಡುವ ನೀರು ದಿನಾ ಒಂದು ಬಕೆಟ್ಟು ಸಿಂಕಿಗೆ ಹೋಗುತ್ತಿತ್ತಲ್ಲ, ಅದನ್ನು ಹಿಡಿದು ಗಿಡಕ್ಕೆ ಹಾಕಿದೆ. ಕಸದಿಂದ ರಸ ಅಂದರೆ ಇದೇ ಅಂದುಕೊಂಡೆ.

ಹತ್ತು ದಿನಕ್ಕೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಕಾಗದದ ಅಂಚಿಗೆ ಬೆಂಕಿ ಸೋಕಿಸಿ ಆರಿಸಿದ ಹಾಗೆ, ಅಂಚು ಮಾತ್ರ. ಜೇಬಿನ ಬಾಯಲ್ಲಿ ಬೆಳ್ಳಗೆ ಪುಡಿ ಕಟ್ಟಿತು. ನಾಲಿಗೆಗೆ ಇಟ್ಟರೆ ಉಪ್ಪುಪ್ಪು. ಯಜಮಾನರು ಆಫೀಸಿನ ಗೆಳೆಯರಿಂದ ಪೆನ್ನಿನಂಥ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಸಾಧನ, ತಂದು ಅದ್ದಿದರು. ಬೋರ್ ನೀರು 700ರ ಹತ್ತಿರ. ಆರ್‌ಓ ಬಿಟ್ಟ ನೀರು 1100 ದಾಟಿತ್ತು. ಯೋಚಿಸಿದರೆ ಸರಿಯೇ ಅಲ್ವಾ? ಒಳ್ಳೇ ನೀರು ಒಂದು ಕಡೆ ತೆಗೆದುಕೊಂಡು, ಉಪ್ಪೆಲ್ಲ ಇನ್ನೊಂದು ಕಡೆ ತಳ್ಳುವುದೇ ಆ ಮೆಷಿನ್ನಿನ ಕೆಲಸ. ಉಪ್ಪು ಕಂಡರೆ ಆಗದ ಬೆಳೆಗಳ ಪಟ್ಟಿಯಲ್ಲಿ ಸ್ಟ್ರಾಬೆರಿ ಮುಂದಿನ ಸಾಲಿನಲ್ಲೇ ಇದೆ. ತೊಳೆಯದ ಕೋಕೋಪೀಟಿನ ಉಪ್ಪೂ ಇದಕ್ಕೆ ಸೇರಿಕೊಂಡಿತ್ತು. ಆ ನೀರಿಗೂ ಒಂದು ಪ್ರಶ್ನೆ ಕೇಳಬೇಕಿತ್ತು, ಇದರಲ್ಲಿ ಮೊದಲು ಏನಿತ್ತು ಅಂತ. ಆರ್‌ಓ ನೀರು ನೆಲ ಒರೆಸಲಿಕ್ಕೆ ಹೋಯಿತು. ಗಿಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಬಂತು. ಮೂರು ಗಿಡ ಅಷ್ಟರಲ್ಲಿ ಹೋಗಿದ್ದವು.

ಹೋಳಿ ಹುಣ್ಣಿಮೆ ಕಳೆಯುತ್ತಲೇ ಎಲೆಯ ಕೆಳಗೆ ಕೆಂಪು ನುಸಿ ಬಲೆ ನೇಯತೊಡಗಿತು, ಹಣ್ಣು ಕಡಲೆಕಾಯಿ ಗಾತ್ರಕ್ಕೆ ಇಳಿಯಿತು, ಆ ವರ್ಷದ ಆಟ ಮುಗಿಯಿತು. ಒಟ್ಟು ನಲವತ್ತೊಂದು ಹಣ್ಣು. ಮಗಳು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಲೆಕ್ಕ ಇಟ್ಟಿದ್ದಳು. ಒಂದು ಹಣ್ಣು ಹತ್ತು ಗ್ರಾಂ ಅಂದರೂ ನಾನೂರು ಗ್ರಾಂ, ಅಂದರೆ ಅಂಗಡಿಯ ಎರಡು ಬಾಕ್ಸು. ಖರ್ಚು ಸಸಿ, ಕೋಕೋಪೀಟ್, ಗೊಬ್ಬರ, ಗರಗಸದ ಬ್ಲೇಡು, ಪೈಪಿನ ಮುಚ್ಚಳ ಎಲ್ಲ ಸೇರಿ 1900 ರೂಪಾಯಿ. 'ಹಳೇ ಸಾಮಾನಿನಲ್ಲಿ ಬಿಟ್ಟಿ ತೋಟ' ಅಂತ ಯಾರಾದರೂ ಹೇಳಿದರೆ ಅವರ ಗೊಬ್ಬರದ ಬಿಲ್ಲು ತೋರಿಸಲು ಹೇಳಿ.

ಆ ಬೇಸಿಗೆಯಲ್ಲಿ ಓದುತ್ತಾ ಕೂತಿದ್ದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಿ ಪಿವಿಸಿ ಪೈಪು ಮಾಡುವಾಗ, ಬಿಸಿಗೆ ಪ್ಲಾಸ್ಟಿಕ್ಕು ಕೆಡದಿರಲಿ ಅಂತ ಸೀಸದ ಸಂಯುಕ್ತಗಳನ್ನು ಬೆರೆಸುವುದು ಮಾಮೂಲಾಗಿತ್ತಂತೆ. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ ನಿಯಮ ತಂದದ್ದು 2021ರಲ್ಲಿ. ನಮ್ಮ ಪೈಪು 1996ರದು. ಸ್ಟ್ರಾಬೆರಿಗೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಸೀಸ ಹುಳಿ ಮಣ್ಣಿನಲ್ಲಿ ಹೆಚ್ಚು ಸಡಿಲ. ಹೆದರಿ ಅಳುವಂಥದ್ದೇನಲ್ಲ, ಆದರೆ ಮನೆಯಲ್ಲಿ ಬೇರೆ ಡಬ್ಬಗಳು ಇರುವಾಗ ಮಗು ತಿನ್ನುವ ಹಣ್ಣಿಗೆ ಅದೇ ಪೈಪು ಯಾಕೆ?

ಅಮ್ಮನಿಗೆ ಹೇಳಿದೆ. ನಾನು ಸೀಸ ಅಂದೆ. ಅವಳು ಬಚ್ಚಲು ಅಂದಿದ್ದಳು. ಕಾರಣ ಬೇರೆ ಬೇರೆ, ತಟ್ಟೆ ಮಾತ್ರ ಒಂದೇ. ಅವಳು "ನೋಡಿದ್ಯಾ" ಅಂತ ಒಂದು ಮಾತು ಅಂದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ, ತಮ್ಮ ಚಾಮರಾಜಪೇಟೆಯ ವಠಾರದ ವಿಷಯ ತೆಗೆದಳು.

ಆ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ. ನಲ್ಲಿಯ ಹಿಂದಿನ ಗೋಡೆಗೆ ಮೊಳೆ ಹೊಡೆದು ಮೇಲಿಂದ ಕೆಳಗೆ ಡಾಲ್ಡಾ ಡಬ್ಬ ನೇತುಹಾಕಿದ್ದರಂತೆ. ಹಳದಿ ಡಬ್ಬ, ಮೇಲೆ ಹಸಿರು ತೆಂಗಿನ ಮರದ ಚಿತ್ರ. ಒಂದರಲ್ಲಿ ಕನಕಾಂಬರ, ಒಂದರಲ್ಲಿ ದೊಡ್ಡಪತ್ರೆ, ಒಂದರಲ್ಲಿ ಮೆಂತ್ಯ. ನೀರು ಹಿಡಿಯಲು ಬಂದವರು ಕೊಡ ತುಂಬಿ ಚೆಲ್ಲಿದ್ದನ್ನು ಹಾಗೇ ಡಬ್ಬಕ್ಕೆ ಎರಚಿ ಹೋಗುತ್ತಿದ್ದರು. ನಾವೀಗ ದುಡ್ಡು ಕೊಟ್ಟು ಕಲಿಯುವ ಗೋಡೆತೋಟ ಅದೇ ಅಲ್ವಾ? ಅದಕ್ಕೊಂದು ಹೆಸರು ಇರಲಿಲ್ಲ ಅಷ್ಟೇ. "ಯಾವ ಡಬ್ಬದಲ್ಲಿ ಯಾರ ಮನೆ ಹಬ್ಬದ ಕಜ್ಜಾಯ ಕರಿದಿದ್ರು ಅಂತಾನೂ ಗೊತ್ತಿತ್ತು" ಅಂದಳು ಅಮ್ಮ.

ನನಗೆ ಆ ಮಾತು ಸಿಕ್ಕಿಕೊಂಡಿತು. ಗುಜರಿಯಿಂದ ತಂದ ನೀಲಿ ಡ್ರಮ್ಮಿನಲ್ಲಿ ಗಿಡ ಬೆಳೆಸುವವರನ್ನು ನೋಡಿದ್ದೇನೆ. ಅದು ಯಾವ ಕಾರ್ಖಾನೆಯಿಂದ ಬಂತು, ಒಳಗೆ ಯಾವ ಕೆಮಿಕಲ್ ಇತ್ತು, ತೊಳೆದದ್ದು ಯಾರು, ಮಾರುವವರಿಗೂ ಗೊತ್ತಿರುವುದಿಲ್ಲ. ನಮ್ಮ ಮನೆಯ ಕಸದ ಪೂರ್ವಜನ್ಮ ಮಾತ್ರ ನಮಗೆ ಗೊತ್ತು. ಎಣ್ಣೆ ಕ್ಯಾನು ಅಂದರೆ ಅದರಲ್ಲಿ ಕಡಲೆಕಾಯಿ ಎಣ್ಣೆ ಇತ್ತು, ಆ ಎಣ್ಣೆಯಲ್ಲಿ ಯುಗಾದಿಯ ಆಂಬೊಡೆ ಕರಿದಾಗಿದೆ. ಆ ಎಣ್ಣೆ ತಿಂದೇ ನಾವು ಬದುಕಿರುವುದು, ಇನ್ನು ಅದರ ಕ್ಯಾನಿನಲ್ಲಿ ಬೆಳೆದದ್ದು ತಿಂದರೆ ಏನಾಗುತ್ತದೆ?

ಹಾಗೆ ಎರಡನೇ ವರ್ಷ ಐದು ಲೀಟರಿನ ಎಣ್ಣೆ ಕ್ಯಾನುಗಳಿಗೆ ಬಂದೆ. ನೆಂಟರಿಷ್ಟರಿಗೆಲ್ಲ ಹೇಳಿಟ್ಟು ನವೆಂಬರ್ ಹೊತ್ತಿಗೆ ಹನ್ನೆರಡು ಕೂಡಿಸಿದೆ. ತಳದಲ್ಲಿ ತ್ರಿಕೋನದೊಳಗೆ 2 ಅಂತ ಇರುವ (ಅದು ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ಕಿನ ಗುರುತು), ಬೆಳಕು ತೂರದ ಬಿಳಿ ಕ್ಯಾನು. ಪಾಚಿ ಕಟ್ಟುವುದಿಲ್ಲ, ಬಿಸಿಲಿಗೆ ಬೇಗ ಕಾಯುವುದಿಲ್ಲ. ಹಿಡಿ ಮೇಲೆ ಬರುವಂತೆ ಇಟ್ಟುಕೊಂಡು ಎದುರಿನ ಹೊಟ್ಟೆ ಕತ್ತರಿಸಬೇಕು. ಬಾಯಿ ಕತ್ತರಿಸಿದರೆ ಹಿಡಿಯೂ ಹೋಗುತ್ತದೆ, ನೇತುಹಾಕಲು ಏನೂ ಉಳಿಯುವುದಿಲ್ಲ. ಒಳಗಿನ ಎಣ್ಣೆ ಜಿಡ್ಡು ಹೋಗದಿದ್ದರೆ ನೀರು ಮಣ್ಣಿಗೆ ಇಳಿಯದೆ ಅಂಚಿನಲ್ಲೇ ಜಾರುತ್ತದೆ. ಅಮ್ಮ ಕಡಲೆಹಿಟ್ಟು, ಬಿಸಿನೀರು ಹಾಕಿ ಕುಲುಕಿ ಕುಲುಕಿ ತೊಳೆದಳು, ಎಣ್ಣೆಸ್ನಾನ ಮಾಡಿಸಿದ ಹಾಗೆ. ತಳಕ್ಕೆ ತೂತು ಹಾಕಲು ದಬ್ಬಳ ಕಾಯಿಸಿ ಚುಚ್ಚಿದರೆ ಸಾಕು. ಚುಂಯ್ ಅಂತ ಒಳಗೆ ಹೋಗುತ್ತದೆ.

ಈ ಸಲ ಒಂದರಿಂದ ಒಂದಕ್ಕೆ ನೀರು ಹರಿಸುವ ಗೋಜಿಗೇ ಹೋಗಲಿಲ್ಲ. ಪ್ರತಿ ಕ್ಯಾನಿಗೂ ಬೇರೆ ಬೇರೆ ನೀರು, ಒಂದರಲ್ಲಿ ಒಂದೇ ಗಿಡ. ಎತ್ತರಕ್ಕೆ ತಕ್ಕ ಹಾಗೆ ಅಳತೆ ಬದಲು. ಮೇಲಿನ ಸಾಲಿಗೆ ಗಾಳಿ, ಬಿಸಿಲು ಎರಡೂ ಜಾಸ್ತಿ, ದಿನಾ ಒಂದೂವರೆ ಲೋಟ. ಕೆಳಗಿನ ಸಾಲಿಗೆ ಮುಕ್ಕಾಲು ಲೋಟ. ಮೂರೇ ಸಾಲು, ಆರಡಿ ಗೋಡೆ, ಆದರೂ ಮೇಲೆ ಬಳ್ಳಾರಿ, ಕೆಳಗೆ ಮಡಿಕೇರಿ.

ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಪಿಕಳಾರ ಬರುತ್ತದೆ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು. ನಾಳೆ ಕೀಳೋಣ ಅಂದುಕೊಂಡ ಹಣ್ಣನ್ನೇ ಇವತ್ತು ಕುಕ್ಕುತ್ತದೆ. ಇಡೀ ಗ್ರಿಲ್ಲಿಗೆ ಬಲೆ ಕಟ್ಟಿದರೆ ಅಪ್ಪಿತಪ್ಪಿ ಬರುವ ಜೇನಿಗೂ ಬಾಗಿಲು ಮುಚ್ಚಿದ ಹಾಗೆ. ಮದುವೆ ಮನೆಗಳಲ್ಲಿ ತಾಂಬೂಲಕ್ಕೆ ಕೊಡುವ ಜಾಲರಿ ಚೀಲ ಇರುತ್ತದಲ್ಲ, ದಾರ ಎಳೆದರೆ ಬಾಯಿ ಮುಚ್ಚುವಂಥದ್ದು, ಅದು ಪ್ರತಿ ಮನೆಯ ಬೀರುವಿನಲ್ಲೂ ಒಂದು ಕಂತೆ ಇರುತ್ತದೆ. ಕಾಯಿ ದಪ್ಪಗಾದ ಮೇಲೆ ಗೊಂಚಲಿಗೊಂದು ಚೀಲ ಹಾಕಿ ದಾರ ಎಳೆದೆ. ನೇರಳೆ, ಗುಲಾಬಿ, ಬಂಗಾರದ ಬಣ್ಣದ ಚೀಲಗಳು. ಕೆಳಮನೆಯವರು "ಬಾಲ್ಕನೀಲಿ ಏನಕ್ಕಾ, ಮದುವೆನಾ?" ಅಂತ ಕೇಳಿದರು.

ಹಾಗಂತ ಏನೂ ಎಡವಟ್ಟಾಗಲಿಲ್ಲ ಅಂತಲ್ಲ. ಜಾಗ ಸಾಲದೆ ಎರಡು ಕ್ಯಾನು ಗ್ರಿಲ್ಲಿನ ಹೊರಗೆ ಕಟ್ಟಿದ್ದೆ. ಏಪ್ರಿಲಿನ ಮೊದಲ ಗಾಳಿಮಳೆಗೆ ಒಂದು ಕ್ಯಾನಿನ ಹಗ್ಗ ಹರಿದು ಕೆಳಗೆ ನಿಂತಿದ್ದ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಒದ್ದೆ ಮಣ್ಣಿನ ಕ್ಯಾನು ನಾಲ್ಕು ಕೆಜಿಗೆ ಕಡಿಮೆ ಇಲ್ಲ. ಅಲ್ಲಿ ಮನುಷ್ಯರು ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಸೀಟು ಹೊಲಿಸಿಕೊಟ್ಟೆ. ಅವತ್ತೇ ರಾತ್ರಿ ಇನ್ನೊಂದನ್ನೂ ಒಳಗೆ ತಂದೆ. ಗ್ರಿಲ್ಲಿನ ಹೊರಗೆ ಈಗ ಒಂದು ಎಲೆಯೂ ಇಲ್ಲ.

ಮೆಟ್ಟಿಲ ಪಕ್ಕದಲ್ಲಿ ಹಳೇ ಅಕ್ಕಿ ಡ್ರಮ್ಮಿನಲ್ಲಿ ಒಂದು ಪ್ಯಾಶನ್ ಫ್ರೂಟ್ ಬಳ್ಳಿಯೂ ಇದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದವರು ಬೆಳೆಸಿದ 'ಕಾವೇರಿ' ತಳಿ. ಕಾವೇರಿ ನೀರಿಗೆ ನಿರ್ಬಂಧ ಇತ್ತು, ಕಾವೇರಿ ಬಳ್ಳಿಗೆ ಇರಲಿಲ್ಲ. ಅದಕ್ಕೆ ನನ್ನ ಬ್ರಷ್ಷು ಬೇಡ, ಕಪ್ಪು ದುಂಬಿ ಬಂದು ಗುಂಯ್ ಅಂತ ಕೆಲಸ ಮುಗಿಸುತ್ತದೆ. ಅದರ ಕಥೆ ಇನ್ನೊಂದು ದಿನ.

ಕ್ಯಾನುಗಳಿಂದ ಆ ವರ್ಷ ನೂರ ಹನ್ನೆರಡು ಹಣ್ಣು ಬಂತು. ಮೊದಲನೆಯದನ್ನು ನಾನು ತಟ್ಟೆಯಲ್ಲಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ದೇವರ ಮುಂದೆ ಇತ್ತು, ಪಕ್ಕದಲ್ಲಿ ಒಂದು ದಾಸವಾಳ. ನಾನೂ ಏನೂ ಕೇಳಲಿಲ್ಲ.

ಮಳೆಗಾಲದಲ್ಲಿ ಗಿಡಗಳು ಬಳ್ಳಿ ಚಾಚಿದವು. ಬಳ್ಳಿಯ ತುದಿಯಲ್ಲಿ ಒಂದು ಪುಟ್ಟ ಗಿಡ. ಅದನ್ನು ತಾಯಿಯಿಂದ ಕತ್ತರಿಸದೆ, ತೊಳೆದ ನಂದಿನಿ ಹಾಲಿನ ಪ್ಯಾಕೆಟ್ಟಿನಲ್ಲಿ ಮಣ್ಣು ತುಂಬಿ ಅದರ ಮೇಲೆ ಕೂರಿಸಿ, ಹೇರ್‌ಪಿನ್ನಿನಲ್ಲಿ ಸಿಕ್ಕಿಸಿದರೆ ಮೂರು ನಾಲ್ಕು ವಾರಕ್ಕೆ ಬೇರು ಬಿಡುತ್ತದೆ. ಆಮೇಲೆ ಬಳ್ಳಿ ಕತ್ತರಿಸಬಹುದು. ಈ ಸಲ ಸಸಿಗೆ ದುಡ್ಡಿಲ್ಲ. ಹದಿನೆಂಟು ಪ್ಯಾಕೆಟ್ಟು ಬಾಲ್ಕನಿಯ ನೆಲದ ಮೇಲೆ ಸಾಲಾಗಿ ನಿಂತವು, ಕಾಫಿ ಕುಡಿಯಲು ಜಾಗ ಇಲ್ಲದಂತಾಯಿತು.

ಜಾಗ ಮಾಡಬೇಕು ಅಂತ ಪೈಪು ತೆಗೆದೆ. ಒಂದು ವರ್ಷ ಅದರಲ್ಲಿ ಟೇಬಲ್ ರೋಸ್ ಹಾಕಿದ್ದೆ. ಮಣ್ಣು ಕೆಡವಿದಾಗ ಅಮ್ಮನ ಸೀರೆಯ ಬತ್ತಿ ಹುಡುಕಿದೆ. ಕಾಟನ್ನು ಕರಗಿ ಹೋಗಿತ್ತು. ಅಂಚಿನ ಜರಿಯ ಎಳೆ ಮಾತ್ರ ಬೇರಿಗೆ ಸುತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಹಾಗೇ ಇತ್ತು.

ಹಳೇ ಸಾಮಾನಿನ ಗಾಡಿಯವರು ಬಂದಾಗ ಪೈಪು ಕೆಳಗೆ ಒಯ್ದೆ. ಅವರು ಎತ್ತಿ ಬಿಸಿಲಿಗೆ ಹಿಡಿದು ತುಟಿ ಚಾಚಿದ ಜೇಬುಗಳನ್ನು ಒಂದೊಂದಾಗಿ ನೋಡಿದರು. ಒಳಗೆ ಕಣ್ಣಿಟ್ಟರು. ಮೂಗಿನ ಹತ್ತಿರ ತಂದರು.

"ಏನಕ್ಕಾ ಇದು? ಇದ್ರಲ್ಲಿ ಏನಿತ್ತು?"

"ಬಚ್ಚಲು ನೀರು. ಆಮೇಲೆ ಸ್ಟ್ರಾಬೆರಿ. ಆಮೇಲೆ ಟೇಬಲ್ ರೋಸು" ಅಂದೆ.

ಮೇಲಿನ ಬಾಲ್ಕನಿಯಿಂದ ಅಮ್ಮ ಕೂಗಿ ಹೇಳಿದಳು, "ತಿನ್ನೋ ಗಿಡಕ್ಕೆ ಕೊಡಬೇಡಪ್ಪಾ ಅದನ್ನ!"

ಅವರು ತಲೆ ಎತ್ತಿ ಅಮ್ಮನನ್ನು ನೋಡಿ, ನನ್ನನ್ನು ನೋಡಿ, ಪೈಪನ್ನು ತಕ್ಕಡಿಗೆ ಹಾಕಿದರು. ಎರಡು ಕೆಜಿ ಮುನ್ನೂರು. ಮುನ್ನೂರು ಗ್ರಾಂ ಮಣ್ಣಿನ ಲೆಕ್ಕಕ್ಕೆ ಕಳೆದರು.